ಎಣ್ಣೆ ಮುಗಿದ ರಾತ್ರಿ

ಕೋವಿಯ ಗುಂಡು ಹೊಕ್ಕ ಗಾಯಕ್ಕೆ ಕುದಿಯುವ ಎಣ್ಣೆ ಹುಯ್ಯಬೇಕು. ಹದಿನಾರನೇ ಶತಮಾನದ ಮೊದಲ ಭಾಗದಲ್ಲಿ ಯುರೋಪಿನ ಸೈನ್ಯಗಳ ಜೊತೆ ಹೋಗುತ್ತಿದ್ದ ಶಸ್ತ್ರವೈದ್ಯರು ಕಲಿತ ಪಾಠ ಇದು. ಪಾಠ ಬರೆದವನು ಸಾಮಾನ್ಯ ಮನುಷ್ಯನಲ್ಲ. ಜೊವಾನಿ ದ ವೀಗೊ ಎಂಬ ಇಟಲಿಯವನು, ಪೋಪ್ ಎರಡನೇ ಜೂಲಿಯಸ್ ಅವರ ಶಸ್ತ್ರವೈದ್ಯ. ಕೋವಿಮದ್ದು ವಿಷ, ಅದು ಗುಂಡಿನ ಜೊತೆ ಮೈಯೊಳಗೆ ಹೋಗಿ ಕೂರುತ್ತದೆ, ಸುಟ್ಟರೆ ಮಾತ್ರ ಸಾಯುತ್ತದೆ ಅನ್ನುವುದು ಅವನ ವಾದ. ಸುಮ್ನೆ ಹೇಳಿದ ಮಾತೂ ಅಲ್ಲ ಅದು. ಗುಂಡಿನ ಗಾಯ ಕತ್ತಿಯ ಗಾಯಕ್ಕಿಂತ ಜಾಸ್ತಿ ಕೀವಾಗುತ್ತಿತ್ತು, ಜ್ವರ ತರುತ್ತಿತ್ತು, ಕೊಳೆಯುತ್ತಿತ್ತು. ಗುಂಡಿನ ಜೊತೆ ಕೊಳಕು ಬಟ್ಟೆಯ ಚೂರು, ಮಣ್ಣು ಒಳಗೆ ಹೋಗುವುದೇ ಕಾರಣ ಅಂತ ನಮಗೆ ಗೊತ್ತು. ಅವರ ಕಣ್ಣಿಗೆ ಕಂಡದ್ದು ಕಪ್ಪು ಮದ್ದಿನ ಪುಡಿ ಮಾತ್ರ.

1537ರಲ್ಲಿ ಫ್ರಾನ್ಸಿನ ದೊರೆ ಮೊದಲನೇ ಫ್ರಾನ್ಸಿಸ್‌ನ ಸೈನ್ಯ ಆಲ್ಪ್ಸ್ ದಾಟಿ ಟ್ಯೂರಿನ್ ಕಡೆ ಹೋಯಿತು. ಅದರ ಜೊತೆ ಆಂಬ್ರ್ವಾಜ್ ಪಾರೆ ಎಂಬ ಹುಡುಗನೂ ಇದ್ದ. ಹುಡುಗ ಅಂದರೆ ಇಪ್ಪತ್ತೇಳರ ಆಸುಪಾಸು. ಪ್ಯಾರಿಸ್‌ನ ಓತೆಲ್ ದ್ಯೂ ಆಸ್ಪತ್ರೆಯಲ್ಲಿ ಕೆಲಸ ಕಲಿತಿದ್ದ. ಯುದ್ಧ ನೋಡಿದ್ದು ಅದೇ ಮೊದಲು. ಅವನ ಕಸುಬಿಗೆ ದೊಡ್ಡ ಮರ್ಯಾದೆಯೇನೂ ಇರಲಿಲ್ಲ. ಆಗಿನ ಯುರೋಪಿನಲ್ಲಿ ಕ್ಷೌರ ಮಾಡುವವರೇ ಹುಣ್ಣು ಕೊಯ್ಯುವುದು, ಗಾಯ ಕಟ್ಟುವುದು, ರಕ್ತ ತೆಗೆಯುವುದು ಎಲ್ಲಾ ಮಾಡುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಓದಿದ ವೈದ್ಯರು ಲ್ಯಾಟಿನ್‌ನಲ್ಲಿ ಮಾತಾಡುತ್ತಿದ್ದರು, ಮೂತ್ರದ ಬಣ್ಣ ನೋಡಿ ಮದ್ದು ಬರೆಯುತ್ತಿದ್ದರು, ರಕ್ತಕ್ಕೆ ಕೈ ಹಾಕುತ್ತಿರಲಿಲ್ಲ. ಪಾರೆಗೆ ಲ್ಯಾಟಿನ್ ಬರುತ್ತಿರಲಿಲ್ಲ.

ಟ್ಯೂರಿನ್ ಹತ್ತಿರ ಅವನು ಕುದುರೆ ಕಟ್ಟಲು ಒಂದು ಲಾಯಕ್ಕೆ ಹೋದ. ಒಳಗೆ 4 ಸೈನಿಕರು ಸತ್ತು ಬಿದ್ದಿದ್ದರು. ಇನ್ನು 3 ಜನ ಗೋಡೆಗೆ ಒರಗಿ ಕೂತಿದ್ದರು. ಮುಖ ಗುರುತು ಸಿಗದಂತೆ ಸುಟ್ಟಿತ್ತು. ಕಣ್ಣು ಕಾಣುತ್ತಿರಲಿಲ್ಲ, ಕಿವಿ ಕೇಳುತ್ತಿರಲಿಲ್ಲ, ಮಾತು ಹೊರಡುತ್ತಿರಲಿಲ್ಲ. ಬಟ್ಟೆ ಇನ್ನೂ ಹೊಗೆಯಾಡುತ್ತಿತ್ತು. ಅಷ್ಟರಲ್ಲಿ ಒಬ್ಬ ಮುದಿ ಸೈನಿಕ ಬಂದ. ಇವರನ್ನು ಉಳಿಸಲು ಆಗುತ್ತದಾ ಅಂತ ಕೇಳಿದ. ಇಲ್ಲ ಅಂದ ಪಾರೆ. ಮುದುಕ ಅವರ ಹತ್ತಿರ ಹೋಗಿ, ಸಿಟ್ಟಿಲ್ಲದೆ, ಮೆತ್ತಗೆ, ಒಬ್ಬೊಬ್ಬರದೇ ಕತ್ತು ಕೊಯ್ದ. ನೀನು ಕೆಟ್ಟ ಮನುಷ್ಯ ಅಂತ ಪಾರೆ ಕೂಗಾಡಿದ. ನನಗೂ ಇಂಥ ಗತಿ ಬಂದರೆ ಯಾರಾದರೂ ಹೀಗೇ ಮಾಡಲಿ ಅಂತ ದೇವರಲ್ಲಿ ಬೇಡಿಕೊಳ್ಳುತ್ತೇನೆ ಅಂತ ಮುದುಕ ಹೇಳಿದ. ಇದನ್ನು ಪಾರೆ ಸುಮಾರು ಐವತ್ತು ವರ್ಷ ಆದ ಮೇಲೆ ಬರೆದಿದ್ದಾನೆ. ಮರೆತಿರಲಿಲ್ಲ ಅಂತಾಯಿತು.

ಆಮೇಲೆ ಬಂದದ್ದು ಎಣ್ಣೆಯ ರಾತ್ರಿ. ಎಲ್ಡರ್ ಅನ್ನುವ ಗಿಡದ ಎಣ್ಣೆಗೆ ಥೀರಿಯಾಕ್ ಎಂಬ ವಿಷಹಾರಿ ಲೇಹ್ಯವನ್ನು ಒಂದಿಷ್ಟು ಬೆರೆಸಿ, ಚೆನ್ನಾಗಿ ಕಾಯಿಸಿ, ಗಾಯದೊಳಗೆ ಹುಯ್ಯಬೇಕಿತ್ತು. ಕೈ ನಡುಗಿತೋ ಏನೋ, ಉಳಿದ ಶಸ್ತ್ರವೈದ್ಯರು ಏನು ಮಾಡುತ್ತಾರೆ ಅಂತ ಮೊದಲು ನೋಡಿಕೊಂಡು ಬಂದ. ಅವರೂ ಹುಯ್ಯುತ್ತಿದ್ದರು. ಇವನೂ ಶುರು ಮಾಡಿದ. ಗಾಯಾಳುಗಳು ಬರುತ್ತಲೇ ಇದ್ದರು. ಎಣ್ಣೆ ಮುಗಿದುಹೋಯಿತು. ಉಳಿದವರಿಗೆ ಏನಾದರೂ ಹಚ್ಚಲೇಬೇಕಲ್ಲ ಅಂತ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದ.

ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ಎಣ್ಣೆ ಸಿಗದವರು ವಿಷ ಏರಿ ಸತ್ತಿರುತ್ತಾರೆ, ಅದಕ್ಕೆ ನಾನೇ ಕಾರಣ ಅನ್ನುವ ಹೆದರಿಕೆ. ಬೆಳಗಾಗುವ ಮೊದಲೇ ಎದ್ದು ನೋಡಲು ಹೋದ. ಮೊಟ್ಟೆಯ ಮುಲಾಮು ಹಚ್ಚಿಸಿಕೊಂಡವರು ರಾತ್ರಿಯೆಲ್ಲಾ ಸುಮಾರಾಗಿ ನಿದ್ದೆ ಮಾಡಿದ್ದರು. ನೋವು ಕಡಿಮೆ, ಊತ ಇಲ್ಲ, ಉರಿ ಇಲ್ಲ. ಎಣ್ಣೆ ಹುಯ್ಸಿಕೊಂಡವರಿಗೆ ಜ್ವರ, ತಡೆಯಲಾರದ ನೋವು, ಗಾಯದ ಸುತ್ತ ಊತ. ಇನ್ನು ಮುಂದೆ ಗುಂಡು ತಾಗಿದ ಬಡಪಾಯಿಗಳನ್ನು ಇಷ್ಟು ಕ್ರೂರವಾಗಿ ಸುಡುವುದಿಲ್ಲ ಅಂತ ಅಂದೇ ಗಟ್ಟಿ ಮಾಡಿಕೊಂಡ. 1545ರಲ್ಲಿ ಇದನ್ನೇ ಪುಸ್ತಕ ಮಾಡಿದ. ಲ್ಯಾಟಿನ್ ಬಾರದ ಕಾರಣ ಫ್ರೆಂಚ್‌ನಲ್ಲೇ ಬರೆದ. ಅವನ ಹಾಗೆ ಕ್ಷೌರದ ಕಸುಬಿನಿಂದ ಬಂದವರೆಲ್ಲ ಓದುವಂತಾಯಿತು.

ಈ ಕಥೆಯನ್ನು ಸಾಮಾನ್ಯವಾಗಿ ವಿಜ್ಞಾನ ಗೆದ್ದ ಕಥೆ ಅಂತ ಹೇಳುತ್ತಾರೆ. ನನ್ನ ಮನಸ್ಸು ನಿಲ್ಲುವುದು ಆ ನಿದ್ದೆ ಬಾರದ ರಾತ್ರಿಯ ಮೇಲೆ. ಅದಕ್ಕೊಂದು ಕಾರಣ ಇದೆ.

ಕೆಲವು ವರ್ಷಗಳ ಹಿಂದೆ ನನ್ನ ಅಪ್ಪನ ಪಾದದಲ್ಲಿ ಹುಣ್ಣಾಗಿತ್ತು. ಸಕ್ಕರೆ ಕಾಯಿಲೆ ಇರುವವರಿಗೆ ಆಗುತ್ತದಲ್ಲ, ಅಂಥದ್ದು. ನಾಲ್ಕು ತಿಂಗಳು ದಿನಾ ಬೆಳಿಗ್ಗೆ ನಾನೇ ಡ್ರೆಸ್ಸಿಂಗ್ ಮಾಡುತ್ತಿದ್ದೆ. ಸಲೈನ್‌ನಲ್ಲಿ ತೊಳೆಯುವುದು, ಗಾಜ್ ಬಟ್ಟೆ ಇಡುವುದು, ಬ್ಯಾಂಡೇಜ್ ಸುತ್ತುವುದು. ಸಕ್ಕರೆ ಹತೋಟಿಯಲ್ಲಿರಲಿ, ಆ ಕಾಲಿನ ಮೇಲೆ ಭಾರ ಬೀಳದಿರಲಿ ಅಂತ ಡಾಕ್ಟರ್ ಹೇಳಿದ್ದರು. ಮನೆಗೆ ಬಂದವರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಅರಿಶಿನ, ಬೇವಿನ ಸೊಪ್ಪು, ಜೇನುತುಪ್ಪ. ಚಿಕ್ಕಪ್ಪ ಎಲ್ಲಿಂದಲೋ ಒಂದು ಕಪ್ಪು ಮುಲಾಮು ತಂದುಕೊಟ್ಟರು. ಸೋದರತ್ತೆ ಮಂಜುನಾಥನಿಗೆ ಹರಕೆ ಹೊತ್ತರು. ನಾನು ಪ್ರತಿ ಬೆಳಿಗ್ಗೆ ಬಟ್ಟೆ ಬಿಚ್ಚುವ ಮುಂಚೆ ಒಂದು ಕ್ಷಣ ಉಸಿರು ಹಿಡಿಯುತ್ತಿದ್ದೆ. ಅಂಚು ಕೆಂಪಾಗಿದೆಯಾ, ಕಪ್ಪಾಗಿದೆಯಾ, ವಾಸನೆ ಬರುತ್ತಿದೆಯಾ? ಕೊನೆಗೆ ಹುಣ್ಣು ಮಾಗಿತು. ಅತ್ತೆ ಹರಕೆ ತೀರಿಸಿ ಬಂದರು. ಚಿಕ್ಕಪ್ಪ ಇವತ್ತಿಗೂ ಆ ಮುಲಾಮಿನ ಹೆಸರು ಹೇಳುತ್ತಾರೆ. ಇಬ್ಬರೂ ಅಪ್ಪನನ್ನು ಪ್ರೀತಿಸುವವರು. ಯಾವುದರಿಂದ ವಾಸಿಯಾಯಿತು ಅಂತ ಅವರ ಹತ್ತಿರ ವಾದಕ್ಕೆ ಹೋಗಲು ನನಗೆ ಮನಸ್ಸಾಗಲಿಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲೂ ಇಲ್ಲ. ಪಾರೆಯ ಕಾಲದ ಔಷಧಗಳ ಬಗ್ಗೆ ನಾನು ಓದಲು ಶುರು ಮಾಡಿದ್ದು ಹಾಗೆ.

ಓದುತ್ತಾ ಹೋದಂತೆ ಪಾರೆ ಇನ್ನೂ ಹತ್ತಿರದವನಾದ. ಅದೇ ಟ್ಯೂರಿನ್‌ನಲ್ಲಿ ಅವನ ಸೇನಾಧಿಪತಿಯ ಅಡುಗೆಮನೆಯ ಹುಡುಗನೊಬ್ಬ ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಬಿದ್ದ. ಪಾರೆ ಮದ್ದು ತರಲು ಅಂಗಡಿಗೆ ಓಡಿದ. ಅಲ್ಲಿ ನಿಂತಿದ್ದ ಹಳ್ಳಿಯ ಮುದುಕಿ, ಹಸಿ ಈರುಳ್ಳಿ ಜಜ್ಜಿ ಉಪ್ಪು ಹಾಕಿ ಹಚ್ಚಪ್ಪ, ಬೊಬ್ಬೆ ಏಳುವುದಿಲ್ಲ ಅಂದಳು. ಹಚ್ಚಿ ನೋಡಿದ. ಈರುಳ್ಳಿ ಹಚ್ಚಿದ ಕಡೆ ಬೊಬ್ಬೆ ಇರಲಿಲ್ಲ, ಹಚ್ಚದ ಕಡೆ ಎದ್ದಿತ್ತು. ಸ್ವಲ್ಪ ದಿನಕ್ಕೆ ಒಬ್ಬ ಜರ್ಮನ್ ಕಾವಲುಗಾರನ ಮದ್ದಿನ ಚೀಲಕ್ಕೆ ಬೆಂಕಿ ತಗುಲಿ ಕೈ ಮುಖ ಸುಟ್ಟವು. ಪಾರೆ ಮುಖದ ಅರ್ಧಕ್ಕೆ ಈರುಳ್ಳಿ ಹಚ್ಚಿದ, ಇನ್ನರ್ಧಕ್ಕೆ ರೂಢಿಯ ಮದ್ದು ಹಚ್ಚಿದ. ಈ ಸಲ ಬೇಕಂತಲೇ ಹೀಗೆ ಮಾಡಿದ್ದು. ಎಣ್ಣೆಯ ರಾತ್ರಿ ಆಕಸ್ಮಿಕವಾಗಿ ಸಿಕ್ಕ ಹೋಲಿಕೆಯನ್ನು ಇಲ್ಲಿ ತಾನೇ ಹುಡುಕಿಕೊಂಡ. ಅರ್ಧ ಮುಖಕ್ಕೆ ಒಂದು, ಇನ್ನರ್ಧಕ್ಕೆ ಇನ್ನೊಂದು. ಓದಿದಾಗ ನನಗೆ ಮೈ ಜುಮ್ಮೆಂದಿತು. ಹಳ್ಳಿಯ ಮುದುಕಿಯ ಮಾತು ಅಂತ ತಳ್ಳಿಹಾಕಲಿಲ್ಲ, ಹಿರಿಯರ ಮಾತು ಅಂತ ಕಣ್ಣು ಮುಚ್ಚಿ ನಂಬಲೂ ಇಲ್ಲ. ಸುಟ್ಟ ಗಾಯಕ್ಕೆ ಈರುಳ್ಳಿ ಹಚ್ಚಿ ಅಂತ ನಾನೇನೂ ಹೇಳುತ್ತಿಲ್ಲ, ತಣ್ಣೀರಿನ ನಲ್ಲಿಯ ಕೆಳಗೆ ಕೈ ಹಿಡಿಯಿರಿ. ಹೇಳಬೇಕೆನಿಸಿದ್ದು ಅವನು ನೋಡಿದ ರೀತಿಯ ಬಗ್ಗೆ.

ಹಾಗಂತ ಇವನನ್ನು ನಮ್ಮ ಕಾಲದ ಮನುಷ್ಯ ಅಂದುಕೊಂಡರೆ ತಪ್ಪಾಗುತ್ತದೆ. ಟ್ಯೂರಿನ್‌ನಲ್ಲೇ ಗುಂಡಿನ ಗಾಯ ವಾಸಿ ಮಾಡುವುದಕ್ಕೆ ಹೆಸರಾದ ಒಬ್ಬ ಶಸ್ತ್ರವೈದ್ಯ ಇದ್ದ. ಅವನ ಗುಟ್ಟಿನ ಮುಲಾಮನ್ನು ತಿಳಿಯಲು ಪಾರೆ ಎರಡು ವರ್ಷ ಅವನ ಹಿಂದೆ ಬಿದ್ದ. ಕೊನೆಗೆ ಗುಟ್ಟು ಸಿಕ್ಕಿತು. ಈಗ ತಾನೇ ಹುಟ್ಟಿದ ಎರಡು ನಾಯಿಮರಿಗಳನ್ನು ಲಿಲ್ಲಿ ಹೂವಿನ ಎಣ್ಣೆಯಲ್ಲಿ ಬೇಯಿಸಿ, ಅದಕ್ಕೆ ಎರೆಹುಳು, ಟರ್ಪೆಂಟೈನ್ ಸೇರಿಸಬೇಕು. ಪಾರೆಗೆ ಎಷ್ಟು ಖುಷಿಯಾಯಿತು ಅಂದರೆ, ಅದು ತನ್ನ ಮೊಟ್ಟೆಯ ಮುಲಾಮಿನ ಹಾಗೇ ಇದೆ ಅಂತ ಬರೆದುಕೊಂಡ. ಕುದಿಯುವ ಎಣ್ಣೆಯನ್ನು ಬಿಟ್ಟ ಕೈಯೇ ನಾಯಿಮರಿಯ ಎಣ್ಣೆಯನ್ನು ಹಿಡಿಯಿತು.

ಆದರೆ ಅವನು ಹೇಳಿದ ಹೋಲಿಕೆಯಲ್ಲಿ ತಪ್ಪೇನೂ ಇಲ್ಲ ಅಂತ ನನಗೆ ಈಗ ಅನ್ನಿಸುತ್ತದೆ. ಎರಡೂ ಸುಡುತ್ತಿರಲಿಲ್ಲ. ಮೊಟ್ಟೆ ಮದ್ದಾಗಿ ಕೆಲಸ ಮಾಡಿತು ಅನ್ನುವುದಕ್ಕಿಂತ, ಮೈ ತನ್ನ ಕೆಲಸ ಮಾಡಲು ಬಿಟ್ಟಿತು ಅನ್ನುವುದು ಸರಿ. ಇದಕ್ಕೆ ಇನ್ನೂ ದೊಡ್ಡ ಸಾಕ್ಷಿ ಮುಂದಿನ ಶತಮಾನದಲ್ಲಿ ಸಿಗುತ್ತದೆ. ಅದು ಕತ್ತಿಗೆ ಹಚ್ಚುವ ಮುಲಾಮು. ಗಾಯಕ್ಕಲ್ಲ, ಗಾಯ ಮಾಡಿದ ಕತ್ತಿಗೆ! ಸತ್ತವನ ತಲೆಬುರುಡೆಯ ಮೇಲೆ ಬೆಳೆದ ಪಾಚಿ, ಮನುಷ್ಯನ ಕೊಬ್ಬು, ರಕ್ತ, ಅಗಸೆ ಎಣ್ಣೆ ಎಲ್ಲಾ ಸೇರಿಸಿ ಮಾಡಿದ್ದು. ಕತ್ತಿಗೆ ಹಚ್ಚಿ ಇಟ್ಟರೆ ಎಲ್ಲೋ ದೂರದಲ್ಲಿರುವ ಗಾಯಾಳು ಗುಣವಾಗುತ್ತಾನೆ ಅಂತ ನಂಬಿಕೆ. ನಂಬಿದವರಲ್ಲಿ ಓದಿಕೊಂಡವರು ಬಹಳ ಜನ. ಆಯಸ್ಕಾಂತ ಮುಟ್ಟದೆಯೇ ಕಬ್ಬಿಣವನ್ನು ಎಳೆಯುತ್ತದಲ್ಲ, ಚಂದ್ರ ಅಷ್ಟು ದೂರದಿಂದ ಸಮುದ್ರವನ್ನು ಎಬ್ಬಿಸುತ್ತಾನಲ್ಲ, ರಕ್ತ ರಕ್ತವನ್ನು ಯಾಕೆ ಕರೆಯಬಾರದು ಅಂತ ಕೇಳುತ್ತಿದ್ದರು. ಆ ಕಾಲಕ್ಕೆ ಇದು ಒಳ್ಳೆಯ ಪ್ರಶ್ನೆಯೇ ಹೌದು.

ಇಂಗ್ಲೆಂಡಿನ ಸರ್ ಕೆನೆಲ್ಮ್ ಡಿಗ್ಬಿ ಇದನ್ನೇ ಇನ್ನೂ ಸರಳ ಮಾಡಿದ. ಜೇಮ್ಸ್ ಹಾವೆಲ್ ಎಂಬ ಲೇಖಕ ಇಬ್ಬರು ಗೆಳೆಯರ ಕತ್ತಿ ಜಗಳ ಬಿಡಿಸಲು ಹೋಗಿ ಕೈ ಕೊಯ್ಸಿಕೊಂಡಿದ್ದ. ಡಿಗ್ಬಿ ಅವನ ರಕ್ತ ಅಂಟಿದ ಪಟ್ಟಿಯೊಂದನ್ನು ತರಿಸಿಕೊಂಡು, ವಿಟ್ರಿಯಲ್ ಎಂಬ ಲೋಹದ ಉಪ್ಪಿನ ಪುಡಿ ಕರಗಿಸಿದ ನೀರಿನಲ್ಲಿ ಅದ್ದಿದ. ಕೋಣೆಯ ಇನ್ನೊಂದು ಮೂಲೆಯಲ್ಲಿದ್ದ ಹಾವೆಲ್‌ಗೆ ಕೈ ತಣ್ಣಗಾಯಿತಂತೆ. ಊಟ ಆದ ಮೇಲೆ ಡಿಗ್ಬಿ ಪಟ್ಟಿಯನ್ನು ತೆಗೆದು ಬೆಂಕಿಯ ಹತ್ತಿರ ಒಣಗಿಸಿದ. ಅಷ್ಟರಲ್ಲಿ ಹಾವೆಲ್‌ನ ಆಳು ಓಡಿ ಬಂದ, ಯಜಮಾನರ ಕೈ ಕೆಂಡದ ನಡುವೆ ಇಟ್ಟ ಹಾಗೆ ಉರಿಯುತ್ತಿದೆ ಅಂದ. ಪಟ್ಟಿ ಮತ್ತೆ ನೀರಿಗೆ ಹೋಯಿತು. ಐದಾರು ದಿನದಲ್ಲಿ ಗಾಯ ಮಾಗಿತು. ಡಿಗ್ಬಿ ತಾನೇ ಹೇಳಿಕೊಂಡ ಕಥೆ ಇದು, 1658ರಲ್ಲಿ ಅಚ್ಚಾಯಿತು. ಅದರಲ್ಲಿ ಒಂದು ಸಣ್ಣ ಮಾತು ಇದೆ. ಹಚ್ಚಿದ ಮುಲಾಮು ಪಟ್ಟು ಎಲ್ಲಾ ತೆಗೆದು ಬಿಸಾಡು, ಗಾಯವನ್ನು ಚೊಕ್ಕಟವಾಗಿಟ್ಟುಕೋ, ಜಾಸ್ತಿ ಬಿಸಿಯೂ ಬೇಡ ಜಾಸ್ತಿ ತಂಪೂ ಬೇಡ ಅಂತ ಅವನು ಹಾವೆಲ್‌ಗೆ ಹೇಳಿದ್ದ. ಅಲ್ಲೇ ಇದೆ ಅಲ್ವಾ ಎಲ್ಲಾ! ಗಾಯಕ್ಕೆ ಏನೇನೋ ತುಂಬುತ್ತಿದ್ದ ಕಾಲದಲ್ಲಿ, ಮುಲಾಮನ್ನು ಕತ್ತಿಗೆ ಹಚ್ಚಿಸಿ ಗಾಯವನ್ನು ಅದರ ಪಾಡಿಗೆ ಬಿಟ್ಟರೆ ಅದು ಬೇಗ ಮಾಗುವುದು ಸಹಜ. ಅವರು ಕಂಡದ್ದು ನಿಜ. ಗಾಯ ನಿಜವಾಗಿಯೂ ಗುಣವಾಗುತ್ತಿತ್ತು. ಕಾರಣ ಮಾತ್ರ ಬೇರೆ.

"ನಾನು ಗಾಯ ಕಟ್ಟಿದೆ, ದೇವರು ಗುಣ ಮಾಡಿದ" ಅಂತ ಪಾರೆ ಹೇಳುತ್ತಿದ್ದ. ಅದನ್ನು ವಿನಯದ ಮಾತು ಅಂದುಕೊಂಡಿದ್ದೆ. ಈಗ ಅದು ಅವನು ಕಣ್ಣಾರೆ ಕಂಡದ್ದನ್ನೇ ಹೇಳಿದ್ದು ಅನ್ನಿಸುತ್ತದೆ.

1573ರಲ್ಲಿ ಅವನು ವಿಚಿತ್ರ ಜನನಗಳ ಬಗ್ಗೆ ಒಂದು ಪುಸ್ತಕ ಬರೆದ. ಮಕ್ಕಳು ವಿಕಾರವಾಗಿ ಹುಟ್ಟುವುದಕ್ಕೆ 13 ಕಾರಣ ಕೊಟ್ಟಿದ್ದಾನೆ. ದೇವರ ಮಹಿಮೆ, ದೇವರ ಕೋಪ, ಬೀಜ ಜಾಸ್ತಿಯಾಗುವುದು ಅಥವಾ ಕಡಿಮೆಯಾಗುವುದು, ತಾಯಿಯ ಕಲ್ಪನೆ, ದೆವ್ವದ ಕೈವಾಡ ಎಲ್ಲಾ ಒಂದೇ ಪಟ್ಟಿಯಲ್ಲಿವೆ. ಚರ್ಮದ ಬಟ್ಟೆ ಉಟ್ಟ ಸಂತ ಯೋಹಾನನ ಚಿತ್ರವನ್ನು ಗರ್ಭ ಕಟ್ಟುವಾಗ ದಿಟ್ಟಿಸಿದ ತಾಯಿಗೆ ಮೈತುಂಬಾ ಕೂದಲಿನ ಹೆಣ್ಣುಮಗು ಹುಟ್ಟಿತು ಅಂತ ನಂಬಿಕೆಯಿಂದಲೇ ಬರೆದಿದ್ದಾನೆ. ನಾನು ಹೊಟ್ಟೆಯಲ್ಲಿದ್ದಾಗ ಗ್ರಹಣ ಬಂತು ಅಂತ ಅಮ್ಮನನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿದ್ದರಂತೆ. ಚಾಕು ಮುಟ್ಟಬಾರದು, ಮಗುವಿನ ತುಟಿ ಸೀಳುತ್ತದೆ ಅಂತ. ತಾಯಿ ಕಂಡದ್ದು, ಮುಟ್ಟಿದ್ದು ಮಗುವಿನ ಮೈಮೇಲೆ ಅಚ್ಚಾಗುತ್ತದೆ ಅನ್ನುವ ಭಯಕ್ಕೆ ಸಮುದ್ರ ಅಡ್ಡ ಬರುವುದಿಲ್ಲ. ಈ ಭಯದ ಭಾರ ಎಲ್ಲಾ ಕಡೆ ತಾಯಿಯ ಮೇಲೇ ಬೀಳುತ್ತದೆ. ಅದು ನನಗೆ ಸಂಕಟ ಕೊಡುತ್ತದೆ.

ಇನ್ನು ಹೇಳಲೇಬೇಕಾದ, ಹೇಳಲು ಕಷ್ಟವಾಗುವ ಒಂದು ಘಟನೆ ಇದೆ. ಬೆಜೋರ್ ಕಲ್ಲು ಅಂತ ಒಂದಿತ್ತು. ಪರ್ಷಿಯಾದ ಕಾಡುಮೇಕೆಯಂಥ ಪ್ರಾಣಿಗಳ ಹೊಟ್ಟೆಯಲ್ಲಿ ಕಟ್ಟಿಕೊಳ್ಳುವ ಗಟ್ಟಿ ಉಂಡೆ. ಪಾದ್‌ಜಹರ್ ಅನ್ನುವ ಪಾರಸಿ ಮಾತಿನಿಂದ ಬಂದ ಹೆಸರು, ವಿಷ ಓಡಿಸುವುದು ಅಂತ ಅರ್ಥ. ನಮ್ಮಲ್ಲಿ ಎಳೆಮಕ್ಕಳಿಗೆ ತಾಯಿಹಾಲಿನಲ್ಲಿ ತೇಯ್ದು ನೆಕ್ಕಿಸುತ್ತಿದ್ದ ಗೋರೋಚನ ಇದೆಯಲ್ಲ, ದನದ ಪಿತ್ತದ ಕಲ್ಲು, ಅದರ ದೂರದ ನೆಂಟ ಅನ್ನಬಹುದು. ಯುರೋಪಿನಲ್ಲಿ ಇದಕ್ಕೆ ಎಷ್ಟು ಬೇಡಿಕೆ ಇತ್ತೆಂದರೆ ಹದಿನೇಳನೇ ಶತಮಾನದಲ್ಲಿ ನಮ್ಮ ಪಕ್ಕದ ಗೋವಾದಲ್ಲಿ ಜೆಸ್ಯೂಟ್ ಪಾದ್ರಿಗಳು ಕಸ್ತೂರಿ, ಅಂಬರ್, ಚಿಪ್ಪಿನ ಪುಡಿ, ರತ್ನದ ಪುಡಿ ಸೇರಿಸಿ ಕೃತಕ ಉಂಡೆ ಕಟ್ಟಿ ಕಳಿಸುತ್ತಿದ್ದರು. ಗೋವಾ ಕಲ್ಲು ಅಂತಲೇ ಅದರ ಹೆಸರು. ಚಿನ್ನದ ಜಾಲರಿಯ ಪೆಟ್ಟಿಗೆಯಲ್ಲಿಟ್ಟು, ಬೇಕಾದಾಗ ಕೆರೆದು ಕುಡಿಯುತ್ತಿದ್ದರು.

ಫ್ರಾನ್ಸಿನ ದೊರೆ ಒಂಬತ್ತನೇ ಚಾರ್ಲ್ಸ್‌ಗೆ ಒಬ್ಬ ಸ್ಪೇನಿನವನು ಈ ಬೆಜೋರ್ ತಂದುಕೊಟ್ಟ. ಎಲ್ಲಾ ವಿಷಕ್ಕೂ ಇದು ಮದ್ದಾ ಅಂತ ದೊರೆ ಪಾರೆಯನ್ನು ಕೇಳಿದ. ಎಲ್ಲಾ ವಿಷಕ್ಕೂ ಒಂದೇ ಮದ್ದು ಇರಲು ಸಾಧ್ಯವಿಲ್ಲ, ಪ್ರತಿ ವಿಷವೂ ಬೇರೆ ರೀತಿ ಕೊಲ್ಲುತ್ತದೆ, ಗಲ್ಲಿಗೆ ಹೋಗುವವರ ಮೇಲೆ ಪ್ರಯೋಗ ಮಾಡಿ ನೋಡಬಹುದು ಅಂದ ಪಾರೆ. ಒಬ್ಬ ಅಡುಗೆಯವನು ಯಜಮಾನನ ಮನೆಯಿಂದ ಎರಡು ಬೆಳ್ಳಿ ತಟ್ಟೆ ಕದ್ದು ಗಲ್ಲಿಗೆ ಕಾಯುತ್ತಿದ್ದ. ವಿಷ ಕುಡಿದು, ಕಲ್ಲು ತಿಂದು, ಬದುಕಿದರೆ ಬಿಡುಗಡೆ ಅಂದರು. ಅವನು ಒಪ್ಪಿದ. ಪಾರೆ ಹೋಗಿ ನೋಡುವ ಹೊತ್ತಿಗೆ ಅವನು ಪ್ರಾಣಿಯ ಹಾಗೆ ನಾಲ್ಕೂ ಕಾಲಲ್ಲಿ ತೆವಳುತ್ತಿದ್ದ. ನಾಲಿಗೆ ಹೊರಗೆ ಬಂದಿತ್ತು. ಕಿವಿ, ಮೂಗು, ಬಾಯಿಯಿಂದ ರಕ್ತ. ಪಾರೆ ಎಣ್ಣೆ ಕುಡಿಸಿ ಉಳಿಸಲು ನೋಡಿದ, ಆಗಲಿಲ್ಲ. ಇದಕ್ಕಿಂತ ಗಲ್ಲೇ ವಾಸಿಯಿತ್ತು ಅಂತ ಕೂಗುತ್ತಾ, ಸುಮಾರು ಏಳು ಗಂಟೆ ನರಳಿ ಸತ್ತ. ಹೊಟ್ಟೆ ಕೊಯ್ದು ನೋಡಿದ ಪಾರೆಗೆ ಒಳಗೆಲ್ಲಾ ಸುಟ್ಟಂತೆ ಕಪ್ಪಾಗಿ ಕಂಡಿತು. ಕೊಟ್ಟದ್ದು ಪಾದರಸದ ವಿಷ ಅಂತ ಗೊತ್ತಾಯಿತು. ದೊರೆ ಕಲ್ಲನ್ನು ಬೆಂಕಿಗೆ ಹಾಕಿಸಿದ.

ಬೆಜೋರ್ ಬರೀ ಕಲ್ಲು ಅಂತ ಆವತ್ತು ಗೊತ್ತಾಯಿತು, ನಿಜ. ಆದರೆ ಎರಡು ತಟ್ಟೆಗಾಗಿ ಆ ಮನುಷ್ಯ ತೆತ್ತ ಬೆಲೆಯನ್ನು ವಿಜ್ಞಾನದ ಲೆಕ್ಕಕ್ಕೆ ಬರೆದು ಸುಮ್ಮನಾಗಲು ನನ್ನಿಂದ ಆಗುವುದಿಲ್ಲ. ಎಣ್ಣೆಯ ರಾತ್ರಿ ಪಾರೆ ನೋಡಲು ಹೋದದ್ದು ಗಾಯಾಳುಗಳ ಮೇಲಿನ ಕರುಣೆಯಿಂದ. ಇಲ್ಲಿ ಪ್ರಶ್ನೆ ಮೊದಲು ಬಂತು, ಮನುಷ್ಯ ಆಮೇಲೆ. ಒಬ್ಬನೇ ವೈದ್ಯ, ಒಂದೇ ಜೋಡಿ ಕಣ್ಣು.

1582ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಪಾರೆ ಮಮ್ಮಿ ಮತ್ತು ಯುನಿಕಾರ್ನ್ ಕೊಂಬಿನ ಬಗ್ಗೆ ಪುಸ್ತಕ ಬರೆದ. ಮಮ್ಮಿ ಅಂದರೆ ಈಜಿಪ್ಟಿನ ಹೆಣದ ಪುಡಿ. ಬಿದ್ದು ಪೆಟ್ಟಾದವರಿಗೆ ಅದನ್ನು ಕುಡಿಸುತ್ತಿದ್ದರು. ಕುಡಿದವರಿಗೆ ಹೊಟ್ಟೆನೋವು, ವಾಂತಿ, ಬಾಯಿ ವಾಸನೆ ಬಿಟ್ಟರೆ ಬೇರೇನೂ ಸಿಗುವುದಿಲ್ಲ ಅಂತ ಪಾರೆ ಬರೆದ. ಒಂಟಿಕೊಂಬಿನ ಕುದುರೆಯಂಥ ಪ್ರಾಣಿಯದೆಂದು ಮಾರುತ್ತಿದ್ದ ಕೊಂಬು ನಿಜವಾಗಿ ಉತ್ತರ ಸಮುದ್ರದ ನಾರ್ವಾಲ್ ಎಂಬ ತಿಮಿಂಗಿಲದ ದಂತ. ಡೆನ್ಮಾರ್ಕಿನ ಓಲೆ ವರ್ಮ್ ಅದನ್ನು ತೋರಿಸಿಕೊಟ್ಟದ್ದು 1638ರಲ್ಲಿ. ಹಾಗೆ ತೋರಿಸಿದವನೂ ಅದು ವಿಷ ಇಳಿಸುತ್ತದೆ ಅನ್ನುವುದನ್ನು ನಂಬಿಕೊಂಡೇ ಇದ್ದ. 1661ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘದವರು ಕೊಂಬಿನ ಪುಡಿಯಿಂದ ವೃತ್ತ ಬರೆದು ನಡುವೆ ಜೇಡವನ್ನು ಬಿಟ್ಟರು. ಜೇಡ ದಾಟಲಾರದು ಅನ್ನುವುದು ನಂಬಿಕೆ. ಅದು ಆರಾಮಾಗಿ ದಾಟಿ ಓಡಿತು. ಪಾರೆ ಅದಕ್ಕೆ ಎಷ್ಟೋ ಮೊದಲೇ ಕೊಂಬು ನೆನೆಸಿದ ನೀರಿಗೆ ಕಪ್ಪೆಯೊಂದನ್ನು ಬಿಟ್ಟು ನೋಡಿದ್ದ. ಮೂರು ದಿನ ಆದ ಮೇಲೂ ಅದು ಬಿಟ್ಟಾಗಿನಷ್ಟೇ ಚುರುಕಾಗಿತ್ತು.

ದೊರೆಯ ಲೋಟದಲ್ಲಿ ಈ ಕೊಂಬಿನ ಚೂರು ಅದ್ದುವ ಪದ್ಧತಿಯನ್ನು ಯಾಕೆ ನಿಲ್ಲಿಸಬಾರದು ಅಂತ ಪಾರೆ ಒಮ್ಮೆ ಅರಮನೆಯ ಮುಖ್ಯ ವೈದ್ಯ ಶಾಪ್ಲೆನ್‌ನನ್ನು ಕೇಳಿದ. ನಿಲ್ಲಿಸಲು ನನಗೂ ಇಷ್ಟವೇ, ಆದರೆ ನಂಬಿಕೆ ಬೇರು ಬಿಟ್ಟಿದೆ, ನನ್ನ ಮಾತು ನಡೆಯುವುದಿಲ್ಲ ಅಂದ ಶಾಪ್ಲೆನ್. ಹಾಗಾದರೆ ಬರೆಯಿರಿ ಅಂದರೆ ಅದೂ ಬೇಡ ಅಂದ. ಎಲ್ಲರೂ ಒಪ್ಪಿದ್ದಕ್ಕೆ ಎದುರಾಗಿ ಬರೆಯುವವನು ಹಾಡುಹಗಲೇ ಎತ್ತರದಲ್ಲಿ ಬಂದು ಕೂತ ಗೂಬೆಯ ಹಾಗೆ, ಎಲ್ಲಾ ಹಕ್ಕಿಗಳೂ ಬಂದು ಕುಕ್ಕುತ್ತವೆ. ನಾನು ಸತ್ತ ಮೇಲೆ ಬೇಕಾದರೆ ಹೇಳು ಅಂದ. ಪಾರೆ ಹಾಗೇ ಮಾಡಿದ. ಕುಕ್ಕಿಸಿಕೊಳ್ಳುವುದು ಅವನಿಗೆ ಹೊಸದೂ ಆಗಿರಲಿಲ್ಲ. ಫ್ರೆಂಚ್‌ನಲ್ಲಿ ಬರೆದ ಅವನ ಸಮಗ್ರ ಗ್ರಂಥ 1575ರಲ್ಲಿ ಹೊರಬಂದಾಗ ಪ್ಯಾರಿಸ್‌ನ ವೈದ್ಯಕೀಯ ವಿದ್ಯಾಪೀಠದವರು ಅದರ ಮೇಲೆ ಮುಗಿಬಿದ್ದಿದ್ದರು.

ಮಮ್ಮಿ ಮತ್ತು ಕೊಂಬಿನ ಆ ಪುಸ್ತಕದಲ್ಲೇ ಪ್ಯಾರಿಸ್‌ನ ಪೊಂತ್ ಓ ಶಾಂಜ್ ಸೇತುವೆಯ ಮೇಲೆ ಕೊಂಬು ಮಾರುತ್ತಿದ್ದ ಒಬ್ಬ ಹೆಂಗಸಿನ ಕಥೆ ಇದೆ. ಆಕೆ ಒಳ್ಳೆಯವಳು ಅಂತ ಪಾರೆಯೇ ಬರೆದಿದ್ದಾನೆ. ಒಂದು ದೊಡ್ಡ ಕೊಂಬಿನ ತುಂಡನ್ನು ಬೆಳ್ಳಿ ಸರಪಳಿಗೆ ಕಟ್ಟಿ ನೀರಲ್ಲಿ ಇಳಿಬಿಟ್ಟಿದ್ದಳು. ಕೇಳಿ ಬಂದವರಿಗೆಲ್ಲ ಆ ನೀರು ಕೊಡುತ್ತಿದ್ದಳು. ಒಂದು ದಿನ ಒಬ್ಬ ಬಡ ತಾಯಿ ಬಂದಳು. ಮಗುವಿನ ಮುಖದ ತುಂಬಾ ಹುಣ್ಣೆದ್ದಿತ್ತು. ಆವತ್ತು ಕೊಂಬಿನ ನೀರೆಲ್ಲಾ ಖಾಲಿಯಾಗಿತ್ತು. ಬರಿಗೈಲಿ ಕಳಿಸಲು ಮನಸ್ಸಾಗದೆ ಅಂಗಡಿಯಾಕೆ ನದಿಯ ನೀರನ್ನೇ ಕೊಟ್ಟು ಕಳಿಸಿದಳು. ಹತ್ತು ಹನ್ನೆರಡು ದಿನ ಕಳೆದ ಮೇಲೆ ಆ ತಾಯಿ ಮತ್ತೆ ಸೇತುವೆಗೆ ಬಂದಳು. ಮಗುವಿನ ಮುಖ ವಾಸಿಯಾಗಿತ್ತು. ಕೊಂಬಿನ ನೀರಿನಿಂದ ಮಗು ಗುಣವಾಯಿತು ಅಂತ ಹೇಳಿ ಹೋಗಲು ಬಂದಿದ್ದಳು.